ಮೂರು ದಿಮ್ಮಿಯ ಮೇಲೆ ನಿಂತ ಕಾರು

ಆಗ ಹರಿಹರದ ನಮ್ಮ ಓಣಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರ ಮನೆಯ ದಿಬ್ಬಣ ಹೊರಟರೂ ಮೊದಲು ತಟ್ಟುತ್ತಿದ್ದುದು ನಮ್ಮ ಬಾಗಿಲು. ಅಪ್ಪನ ಬಾಡಿಗೆ ಅಂಬಾಸಿಡರ್ ಒಂದು ದಿನವೂ ಸುಮ್ಮನೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವ್ವನ ಹೊಟ್ಟೆಯಲ್ಲಿ ಗಡ್ಡೆ ಇದೆ ಅಂದರು. ಬೆಂಗಳೂರಿನ ಆಸ್ಪತ್ರೆಗೆ ಅಪ್ಪನೂ ಹೊರಟ. ಅವ್ವನನ್ನು ಅಷ್ಟು ದೂರ ಕಾರಿನಲ್ಲಿ ಕುಲುಕಿಸಬಾರದೆಂದು ರೈಲು. ನಾನು ಲೋಕಿಕೆರೆಯ ಅತ್ತೆಯ ಮನೆಗೆ.

"ಎಷ್ಟು ದಿನಪ್ಪಾ?"

"ಹತ್ತು ದಿನ ಕಣಲೇ. ನೀ ಅತ್ತೆ ಮನ್ಯಾಗೆ ಹೋಳಿಗೆ ತಿಂದು ಮುಗಿಸೋದ್ರಾಗೆ ಬಂದಿರ್ತೀವಿ."

ಹಿಂದಿನ ದಿನ ಕಾರನ್ನು ಶೆಡ್ಡಿಗೆ ತಳ್ಳಿ ಅಪ್ಪ ಕೆಲಸಕ್ಕೆ ಕೂತ. ಬ್ಯಾಟರಿ ಬಿಚ್ಚಿ ಮನೆಯೊಳಗಿಟ್ಟ. ಸೈಲೆನ್ಸರ್ ಬಾಯಿಗೆ ಹಳೆ ಬನಿಯನ್ ತುರುಕಿದ. ಇಲಿ ಸೇರದಂತೆ ಸೀಟಿನಡಿ ಹೊಗೆಸೊಪ್ಪು ಇಟ್ಟ. ಅದರ ಘಾಟು, ಗ್ರೀಸಿನ ವಾಸನೆ, ಒಳಗೆ ಅವ್ವ ಹುರಿಯುತ್ತಿದ್ದ ಶೇಂಗಾದ ಘಮ ಎಲ್ಲ ಕೂಡಿ ನನಗೆ ತಲೆ ಗಿಮ್ಮೆಂದಿತು. ಆಮೇಲೆ ಜಾಕಿ ಬಂತು, ಜೊತೆಗೆ ನಾಲ್ಕು ಮರದ ದಿಮ್ಮಿ.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಮಾತ್ರ ಕಾರನ್ನು ದಿಮ್ಮಿ ಮೇಲೆ ಏರಿಸುವುದು, ಇಲ್ಲದಿದ್ದರೆ ಟೈರು ಒಂದೇ ಕಡೆ ಕೂತು ಕೆಡುತ್ತದೆ ಎಂದು ಅಪ್ಪನೇ ಕಲಿಸಿದ್ದ. ಹತ್ತು ದಿನಕ್ಕೆ ದಿಮ್ಮಿ ಯಾಕೆ? ಅಪ್ಪನ ಬಾಯಿ ನಂಬಬೇಕೋ, ಕೈ ನಂಬಬೇಕೋ ತಿಳಿಯಲಿಲ್ಲ. ಅವ್ವನ ಹತ್ತಿರ ಹೋದರೆ ಅವಳು ನನ್ನ ಬಾಯಿಗೆ ಬೆಲ್ಲ ಇಟ್ಟು, "ಆಡ್ಕ ಹೋಗು" ಅಂದಳು.

ಅಪ್ಪ ಚಹಾಕ್ಕೆ ಹೋದಾಗ ಒಂದು ದಿಮ್ಮಿ ಎತ್ತಿಕೊಂಡು ಹೋಗಿ ಹಿತ್ತಲ ತಿಪ್ಪೆಯಲ್ಲಿ ಹೂತುಬಿಟ್ಟೆ. ಕಾರು ಮೇಲೇರದಿದ್ದರೆ ಅವ್ವ ಬೇಗ ಬರಲೇಬೇಕು ಅಂದುಕೊಂಡಿದ್ದೆ.

ಅಪ್ಪ ಬಂದು ಮೂರು ಗಾಲಿ ಏರಿಸಿದ. ನಾಲ್ಕನೆಯದಕ್ಕೆ ಅತ್ತಿತ್ತ ಹುಡುಕಿ, ಕೊನೆಗೆ ನನ್ನ ಕೈಗೆ ಮೆತ್ತಿದ್ದ ಸಗಣಿ ನೋಡಿದ.

"ಎಲ್ಲೈತೆ?"

"ಹತ್ತು ದಿನಕ್ಕ ಅದು ಯಾಕ ಬೇಕು?"

ಏಟು ಬೀಳುತ್ತದೆಂದು ತಲೆ ತಗ್ಗಿಸಿದೆ. ಅಪ್ಪ ಅಡುಗೆಮನೆ ಕಡೆ ಒಮ್ಮೆ ನೋಡಿ, ದನಿ ಇಳಿಸಿದ.

"ಬ್ಯಾಡ ಬಿಡು. ಇದೊಂದು ನೆಲದ ಮ್ಯಾಲೇ ಇರ್ಲಿ."

ಜಾಕಿ ಇಳಿಸಿಯೇಬಿಟ್ಟ. ಕಾರಿಗೆ ಒಂದು ಗೀರು ಬಿದ್ದರೂ ಊಟ ಬಿಡುವ ಮನುಷ್ಯ ಹೀಗೇಕೆ ಸುಮ್ಮನಾದ ಎಂದು ನನಗೆ ಇನ್ನೂ ಗೋಜಲಾಯಿತು.

ಹತ್ತು ದಿನ ಎಂದದ್ದು ಐದು ತಿಂಗಳಾಯಿತು. ಅತ್ತೆಯ ಎಮ್ಮೆ ಕಾಯ್ದು, ಗೋಲಿ ಆಡಿ, ಶಾಲೆ ತಪ್ಪಿದವನು ಮತ್ತೆ ಹೋಗಲೇ ಇಲ್ಲ. ಅದಕ್ಕೆ ನನಗೆ ನಾಚಿಕೆಯೇನಿಲ್ಲ. ಆವರಗೆರೆಯ ನನ್ನ ಗ್ಯಾರೇಜು ಈ ಎರಡು ಕೈಯ ದುಡಿಮೆ. ಐದು ತಿಂಗಳ ಮೇಲೆ ನೋಡಿದಾಗ ಅವ್ವ ಅರ್ಧಕ್ಕರ್ಧ ಸೊರಗಿದ್ದಳು, ತಲೆಯಲ್ಲಿ ಕೂದಲಿರಲಿಲ್ಲ. ಆದರೆ ಬಂದಳು. ನೆಲದ ಮೇಲಿದ್ದ ಟೈರು ಸೀಳು ಬಿಟ್ಟಿತ್ತು. ಅಪ್ಪ ಅದನ್ನು ಬಿಚ್ಚಿ ಬೇರೆ ಹಾಕಿದ.

ಈಗ ವಿದ್ಯಾನಗರ ಬಡಾವಣೆಯವರು ವಿದೇಶದ ಮಕ್ಕಳ ಹತ್ತಿರ ಆರು ತಿಂಗಳು ಇರಲು ಹೋಗುವಾಗ ಕಾರಿನ ಕೀ ನನ್ನ ಕೈಗೆ ಕೊಡುತ್ತಾರೆ. ಎಷ್ಟು ದಿನ ಅಂತ ಕೇಳಿದರೆ ಫೋನಿನಲ್ಲಿ ವಾಪಸ್ ಟಿಕೆಟ್ಟನ್ನೇ ತೋರಿಸುತ್ತಾರೆ. ಅಪ್ಪನಿಗೆ ಆ ದಿನ ಎಷ್ಟು ಗೊತ್ತಿತ್ತು? ಕೇಳುವ ಧೈರ್ಯ ನನಗೆ ಬರುವಷ್ಟರಲ್ಲಿ ಅವನೇ ಹೋಗಿಬಿಟ್ಟ.

ಮೊನ್ನೆ ಅವ್ವ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಕೇಳಿದೆ.

"ಅಪ್ಪ ಆಸ್ಪತ್ರೆಗೆ ಹೊರಟಾಗ ನಿಂಗಾದ್ರೂ ನಿಜ ಹೇಳಿದ್ನೇನವ್ವ? ನಂಗೆ ಹತ್ತು ದಿನ ಅಂದಿದ್ದ."

ಅವ್ವ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

"ಹತ್ತಾ? ನಿಮ್ಮಪ್ಪ ನಂಗ ನಾಕೇ ದಿನದಾಗ ಬರ್ತೀವಿ ಅಂದಿದ್ರು."