ಪುದೀನ ಪರಿಮಳದ ಆವಿ

ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ ಮಾರಾಯ್ರೆ. ಹೈಸ್ಕೂಲು ಟೀಚರ್ ಆಗಿರುವ ನನ್ನ ಚಿಕ್ಕಮ್ಮನಿಗೆ ವಿಪರೀತ ಶೀತ. ತಲೆ ಮುಚ್ಚುವ ಹಾಗೆ ಬೈರಾಸು ಹೊದ್ದು ಬಿಸಿನೀರಿನ ಆವಿ ಎಳೆದೆಳೆದು ಸಾಕಾಗಿ, ಇವತ್ತು ನನ್ನನ್ನೂ ಕರೆದುಕೊಂಡು ದರ್ಬೆ ಪೇಟೆಯ ಒಂದು ಫ್ಯಾನ್ಸಿ ಅಂಗಡಿಗೆ ಹೋದರು.

"ಆವಿ ಎಳೆಯುವ ಸಣ್ಣ ಮೆಷಿನ್ ಉಂಟಾ?" ಚಿಕ್ಕಮ್ಮ ಕೇಳಿದರು.

ಅಂಗಡಿಯವ ರಸ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಸುರುವಿಗೆ ತೆಗೊಳ್ಳುದಾ?"

"ಹೌದು, ಇದೇ ಸುರು."

"ಹಾಗಾದ್ರೆ ಪೆನ್ನಿನ ಹಾಗಿದ್ದದ್ದು ಸಾಕು. ನಿಕೋಟಿನ್ ಕಮ್ಮಿ. ಮಾವು ಉಂಟು, ಪುದೀನ ಉಂಟು. ಹೈಸ್ಕೂಲು ಮಕ್ಕಳೆಲ್ಲ ಸುರು ಮಾಡುದು ಪುದೀನದಲ್ಲೇ."

ನಿಷೇಧವಾದ ಇ-ಸಿಗರೇಟು, ಹೇರ್‌ಪಿನ್ನುಗಳ ಪಕ್ಕದಲ್ಲಿ! ಚಿಕ್ಕಮ್ಮ "ನೀವು ಮನುಷ್ಯರಾ?" ಎಂದು ಕಿರುಚಿ, ನನ್ನ ಕೈ ಹಿಡಿದೆಳೆದು ಹೊರಬಂದರು. ಮೆಟ್ಟಿಲಿಳಿಯುವಾಗ ಅವರ ಮುಖ ಬಿಳಿಚಿಕೊಂಡಿತ್ತು.

"ಎರಡು ತಿಂಗಳಿಂದ ಇಂಟರ್ವಲ್ ಮುಗಿದ ಕೂಡ್ಲೆ ನನ್ನ ಕ್ಲಾಸಲ್ಲಿ ಪುದೀನದ ಪರಿಮಳ ಬರ್ತದೆ ಮಾರಾಯ್ತಿ. ಚುಯಿಂಗಮ್ ತಿನ್ಬೇಡಿ ಅಂತ ನಾನು ಬೈತಾ ಇದ್ದೆ."

ಮಕ್ಕಳು "ತಪ್ಪಾಯ್ತು ಟೀಚರ್, ಇನ್ನು ಚುಯಿಂಗಮ್ ತಿನ್ನುದಿಲ್ಲ" ಎಂದು ಆಗಲೇ ಒಪ್ಪಿಕೊಂಡಿದ್ದರಂತೆ. ಎಷ್ಟು ವಿಧೇಯ ಮಕ್ಕಳು ನೋಡಿ!