ನಿಲ್ಲದ ಡಬ್ಬಿಯ ಮೇಲೊಂದು ದೂರು

ಗೆಳೆಯರೇ, ಇವತ್ತು ಹಜೀರಾದಲ್ಲಿ ಒಂದು ಬಗ್ ಸರಿಮಾಡಿ, ಬೈಸಿಕೊಂಡು ಬಂದೆ.

ಅಲ್ಲಿಯ ಕಾರ್ಖಾನೆಯೊಂದರ ಪಂಪುಗಳ ಮಾಹಿತಿಯನ್ನು ಕಂಟ್ರೋಲ್ ರೂಮಿನ ಸ್ಕ್ರೀನಿಗೆ ತಲುಪಿಸುವುದು ನಮ್ಮ ಕಂಪನಿಯ ಡಬ್ಬಿ. ಅದರ ಈಥರ್ನೆಟ್ ಡ್ರೈವರ್, ಅಂದರೆ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ನನ್ನ ಪಾಲಿನ ಕರ್ಮ. ಮಾಹಿತಿಯ ಹಾಳಾದ ಪ್ಯಾಕೆಟ್ ಬಂದರೆ ಡ್ರೈವರ್ ಅದನ್ನು ಎಸೆಯುತ್ತಿತ್ತು, ಆದರೆ ಅದು ಕೂತಿದ್ದ ಜಾಗವನ್ನು, ಅಂದರೆ ಬಫರನ್ನು, ಕಾರ್ಡಿಗೆ ವಾಪಸು ಕೊಡುತ್ತಿರಲಿಲ್ಲ. ಹೀಗೆ ಒಂದೊಂದೇ ಬಫರ್ ಕಳೆದು, ಕೊನೆಗೆ ಹೊಸ ಪ್ಯಾಕೆಟ್ಟಿಗೆ ಜಾಗವೇ ಇಲ್ಲದೆ ಡಬ್ಬಿ ದಿನಕ್ಕೆರಡು ಸಲ ನಿಂತುಬಿಡುತ್ತಿತ್ತು. ವಾರಗಟ್ಟಲೆ ನಿದ್ದೆಗೆಟ್ಟು ಹುಡುಕಿದ ತಪ್ಪು ಒಂದೇ ಸಾಲಿನದು.

ಬೆಳಿಗ್ಗೆ ಹೊಸ ಡ್ರೈವರ್ ಹಾಕಿದೆ. ಮಧ್ಯಾಹ್ನ ದಾಟಿದರೂ ಡಬ್ಬಿ ನಿಲ್ಲಲಿಲ್ಲ. ಆಪರೇಟರ್ ಜಿಗ್ನೇಶ್‌ಭಾಯ್ ಮುಖ ಗಂಟು ಹಾಕಿಕೊಂಡು ಬಂದರು.

"ಮೇಡಂ, ಯೇ ಬಂದ್ ಕ್ಯೂಂ ನಹೀಂ ಹೋತಾ?" ಇದ್ಯಾಕೆ ನಿಲ್ಲುತ್ತಿಲ್ಲ ಅಂತ.

"ಅಬ್ ನಹೀಂ ಹೋಗಾ ಭಾಯ್, ಠೀಕ್ ಕರ್ ದಿಯಾ." ಸರಿಮಾಡಿದ್ದೇನೆ, ಇನ್ನು ನಿಲ್ಲುವುದಿಲ್ಲ ಎಂದೆ.

"ತೋ ಹಮ್ ಚಾಯ್ ಕಬ್ ಪೀಯೇಂಗೆ?" ಹಾಗಾದರೆ ನಾವು ಚಹಾ ಕುಡಿಯುವುದು ಯಾವಾಗ ಅಂತ!

ವಿಷಯ ಇಷ್ಟೇ. ಡಬ್ಬಿ ನಿಂತಾಗ ಅದನ್ನು ಆಫ್ ಮಾಡಿ, ಆನ್ ಮಾಡಿ, ಅದು ಏಳುವವರೆಗೆ ಇಡೀ ಶಿಫ್ಟ್ ಚಹಾಕ್ಕೆ ಹೋಗುವುದು ಅಲ್ಲಿಯ ರೂಢಿ. ಸ್ಕ್ರೀನ್ ಓಡುತ್ತಿದ್ದರೆ ಯಾರೂ ಕುರ್ಚಿ ಬಿಡುವಂತಿಲ್ಲ. ಇವತ್ತು ಯಾರಿಗೂ ಚಹಾ ಇಲ್ಲ. ನನ್ನನ್ನಂತೂ ಚಹಾ ಬೇಕಾ ಅಂತ ಯಾರೂ ಕೇಳಲೇ ಇಲ್ಲ.

ನಾನು ಉಳಿದುಕೊಂಡಿರುವ ಅಡಾಜಣ್‌ಗೆ ಮರಳುವ ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದೆ. ನಮ್ಮ ಧಾರವಾಡದವರೇ ಆದ ಮ್ಯಾನೇಜರ್ ಫೋನು.

"ಕಂಪ್ಲೇಂಟ್ ಕ್ಲೋಸ್ ಆತೇನವಾ?"

"ಆತ್ರೀ ಸರ್. ಹೊಸಾದೊಂದು ಓಪನ್ ಆಗೇತ್ರೀ."

"ಏನಂತ?"

"ಡಬ್ಬಿ ನಿಲ್ಲವಲ್ದಂತ್ರೀ."