ಒಂದು ಸೇರು ತೌಡಿಗೆ ಮಾರಿದ ಮಗ

ಹಲಗೆಯ ಸದ್ದು ಮೊದಲು ಕೆರೆಯ ಕಡೆಯಿಂದ ಬಂತು. ಆಮೇಲೆ ಬಸವಣ್ಣನ ಗುಡಿಯ ಮುಂದೆ, ಆಮೇಲೆ ತೀರ ಹತ್ತಿರ, ಬೇಲಿಯ ಆಚೆಗೆ. ಓಲೆಕಾರ ಬಡಿಯುವುದನ್ನು ನಿಲ್ಲಿಸಿ ಹಳಿಯಾಳದ ಕೋರ್ಟಿನ ನೋಟೀಸನ್ನು ಕೂಗಿ ಹೇಳಿದ. ತೇರಗಾಂವದ ಕಾಸಿಂಸಾಬ ಗನಿಸಾಬ ಎಂದು ದಾಖಲಾದ ಮನುಷ್ಯ ತಾನು ತೀರಿಹೋದ ನಾಗಲಿಂಗಪ್ಪನ ಹೊಟ್ಟೆಯ ಮಗನೆಂದೂ, ಇನ್ನು ಮುಂದೆ ತನ್ನ ಹೆಸರು ಉಳವಪ್ಪ ನಾಗಲಿಂಗಪ್ಪ ಎಂದಾಗಬೇಕೆಂದೂ ಅರ್ಜಿ ಕೊಟ್ಟಿದ್ದಾನೆ. ತಕರಾರು ಇದ್ದವರು ಬರುವ ತಿಂಗಳು ಹಾಜರಾಗಬೇಕು.

ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದ ಕಾಶೆವ್ವ ಮೊರ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ಮೂವತ್ತು ವರ್ಷ ಬಾಯಿಂದ ಹೊರಗೆ ಬಿಡದ ಮಾತನ್ನು ಊರ ನಡುವೆ ಹಲಗೆ ಬಡಿದು ಸಾರಿದ್ದರು.

"ಚಿಗವ್ವಾ, ಇದು ಬರೇ ಕಾಗದದ ಕೆಲಸ" ಎಂದ ಕಾಸಿಮಪ್ಪ, ಅರ್ಜಿ ಕೊಟ್ಟವನು.

"ಸುಮ್ನಿರು. ಇವತ್ತ ಯಾರ ಮುಂದೂ ಬಾಯಿ ತಗೀಬ್ಯಾಡ."

ಹೆತ್ತವಳನ್ನು ಅವನು ಅವ್ವ ಎನ್ನದೆ ಚಿಗವ್ವ, ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ. ಹಾಗೆ ಕಲಿಸಿದವಳು ಅವಳೇ. ಅವನಿಗಿಂತ ಮೊದಲು ಹುಟ್ಟಿದ ಮೂರು ಗಂಡುಕೂಸುಗಳು ಹೆಸರಿಟ್ಟ ವಾರದೊಳಗೇ ಹೋಗಿದ್ದವು. ನಾಲ್ಕನೆಯದು ಹುಟ್ಟಿದ ಬೆಳಿಗ್ಗೆ ಸೂಲಗಿತ್ತಿ ತಾಯವ್ವ ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬಂದಳು. ಮೊದಲೇ ಮಾತಾಡಿಕೊಂಡಂತೆ ಬಳೆಗಾರ ಗನಿಸಾಬನ ಹೆಂಡತಿ ಬೀಬಿಜಾನ ಆ ದಾರಿಯಲ್ಲಿ ಬಂದು, ಯಾರದೋ ಕೂಸು ಎಂದು ಎತ್ತಿಕೊಂಡು, ಒಂದು ಸೇರು ತೌಡು ಅಳೆದುಕೊಟ್ಟು ಕೊಂಡಳು. ತನ್ನ ಮಾವನ ಹೆಸರನ್ನು ಅದಕ್ಕಿಟ್ಟಳು. ಆಮೇಲೆ, ನೀ ಸಾಕು ಎಂದು ಕಾಶೆವ್ವನ ಮಡಿಲಿಗೇ ಹಾಕಿ ಹೋದಳು. ಸಾವು ಬಂದು ಹುಡುಕಿದರೆ ಆ ಮನೆಯಲ್ಲಿ ಆ ಮನೆಯ ಕೂಸು ಇರಬಾರದು.

ಐದು ತುಂಬಿದ ಮೇಲೆ ತೌಡು ತಿರುಗಿ ಕೊಟ್ಟು, ಉಳವಿಗೆ ಕರೆದೊಯ್ದು, ಅಲ್ಲಿಯ ದೇವರ ಹೆಸರಿಟ್ಟು ಮಗನನ್ನು ತನ್ನವನಾಗಿ ಮಾಡಿಕೊಳ್ಳುತ್ತೇನೆಂದು ನಾಗಲಿಂಗಪ್ಪ ಹರಕೆ ಹೊತ್ತಿದ್ದ. ಐದನೆಯ ವರ್ಷ ಹುಡುಗನಿಗೆ ಜ್ವರ ಬಂತು. ಬರುವ ವರ್ಷ ಹೋಗೂಣು ಎಂದಳು ಕಾಶೆವ್ವ. ಮರುವರ್ಷವೂ ಅದನ್ನೇ ಎಂದಳು. ಸಾಲೆಗೆ ಹಾಕುವ ದಿನ ಮಾಸ್ತರರು ತಂದೆಯ ಹೆಸರು ಕೇಳಿದಾಗ ಗಂಡ ಬಾಯಿ ತೆರೆಯುವ ಮೊದಲೇ, ಗನಿಸಾಬ ಅಂತ ಬರೀರಿ, ಎಂದಳು. ನಾಗಲಿಂಗಪ್ಪ ತಲೆ ತಗ್ಗಿಸಿ ನಿಂತಿದ್ದ.

ಅವನು ಸತ್ತ ಮೇಲೆ ಆ ಬರಹ ಎದ್ದು ಕೂತಿತು. ಹೂಳುವ ಹೊತ್ತಿಗೆ ಮೊದಲ ಹಿಡಿ ಮಣ್ಣು ಹಾಕಿದವನು ಅವನ ಅಣ್ಣನ ಮಗ ಶಿವಲಿಂಗಪ್ಪ. ಕಾಸಿಮಪ್ಪನನ್ನು ಬಳೆಗಾರರ ಸಾಲಿನಲ್ಲಿ ನಿಲ್ಲಿಸಿದರು. ತಿಂಗಳು ಕಳೆಯುವುದರೊಳಗೆ ಶಿವಲಿಂಗಪ್ಪ ಮಾಮಲೇದಾರ ಕಚೇರಿಗೆ ಹೋಗಿ, ಕಾಕಾನಿಗೆ ಗಂಡುಮಕ್ಕಳಿಲ್ಲ, ಕೆರೆಯ ಕೆಳಗಿನ ಗದ್ದೆ ತನಗೆ ಸೇರಬೇಕು ಎಂದು ಬರೆಸಿದ. ಕಾಸಿಮಪ್ಪ ನೇಗಿಲು ಹಿಡಿದಾಗಿನಿಂದ ಉತ್ತ ಗದ್ದೆ ಅದು. ಹೆಸರು ಬದಲಾಗದೆ ಬೇರೆ ದಾರಿಯಿಲ್ಲ ಎಂದರು ವಕೀಲರು. ಅವನಿಗೆ ಗದ್ದೆಗಿಂತ ಆ ಮೊದಲ ಹಿಡಿ ಮಣ್ಣೇ ಹೆಚ್ಚು ಚುಚ್ಚುತ್ತಿತ್ತು. ಅದನ್ನು ವಕೀಲರಿಗೆ ಹೇಳಲಿಲ್ಲ.

ತಾಯವ್ವ ತೀರಿಹೋಗಿದ್ದಳು. ಊರಿಗೆಲ್ಲ ಗೊತ್ತಿದ್ದ ಸಂಗತಿಗೆ ಊರಿನವರು ಯಾರೂ ಸಾಕ್ಷಿಗೆ ಬರಲಿಲ್ಲ. ಹಡೆದಾಕಿ ಇದ್ದಾಳಲ್ಲ, ನಾವ್ಯಾಕ, ಎಂದರು.

ವಿಚಾರಣೆಯ ದಿನ ಅವನೇ ಚಕ್ಕಡಿ ಹೂಡಿದ. ಹಿಂದೆ ಇಬ್ಬರು ಮುದುಕಿಯರು. ಹಲಗೆ ಬಾರಿಸಿದ ದಿನದಿಂದ ಅವನಿಗೆ ಕೆಮ್ಮು ಹತ್ತಿತ್ತು. ಅವನು ಕೆಮ್ಮಿದಾಗಲೆಲ್ಲ ಕಾಶೆವ್ವ ಸೆರಗಿನ ಗಂಟನ್ನು ಹಿಡಿದುಕೊಳ್ಳುತ್ತಿದ್ದಳು.

"ತೊಗೋ ಮಾರಾಯ್ತಿ ನಿನ್ನ ಮಗನ್ನ" ಎಂದಳು ಬೀಬಿಜಾನ. "ನನ್ನ ಮನ್ಯಾಗ ಉಣ್ಣಾಕ ನಾಲ್ಕು ಮಂದಿ ಅದಾರ. ಇಂವಾ ಬ್ಯಾರೆ ಕುಂತ್ರ ಗಂಗಾಳ ಸಾಲೂದಿಲ್ಲ."

ಕಾಸಿಮಪ್ಪ ನಕ್ಕ. ಕಾಶೆವ್ವ ನಗಲಿಲ್ಲ. "ಬಯಲಾಗ ಆ ಮಾತು ಆಡಬ್ಯಾಡ" ಎಂದಳು.

ಕೋರ್ಟಿನ ಬಾಗಿಲಲ್ಲಿ ವಕೀಲರು ಅವಳ ಮುಂದೆ ಬಗ್ಗಿ ನಿಂತರು. "ಯಮ್ಮಾ, ಒಂದ ಮಾತು. ಹೌದ್ರಿ, ನನ್ನ ಮಗ, ಅಂತ ಹೇಳ್ರಿ. ಉಳದದ್ದು ನಾ ನೋಡ್ಕೋತೇನಿ."

ಬೀಬಿಜಾನ ಚೆನ್ನಾಗಿ ಹೇಳಿದಳು. "ಕೂಸು ಆಕೀದರಿ, ಸಾಹೇಬರ. ಆಕಿ ಜೀವಕ್ಕ ಸಮಾಧಾನ ಆಗ್ಲಿ ಅಂತ ನಾ ಎತ್ತಿ ಕೊಟ್ಟಿದ್ದೆ."

"ತೌಡು ತಿರುಗಿ ಕೊಟ್ಟಾರೇನು?" ಎಂದು ಶಿವಲಿಂಗಪ್ಪನ ವಕೀಲರು ಕೇಳಿದರು.

"ಇಲ್ರಿ. ಆದ್ರ ತೌಡಿನ್ಯಾಗ ಏನೈತ್ರಿ?"

ಆಮೇಲೆ ಕಾಶೆವ್ವನನ್ನು ಕರೆದರು. ಪ್ರಮಾಣ ಮಾಡಿಸಿದರು. ಎದುರಿಗೆ ನಿಂತವನು ನಿನ್ನ ಮಗನೋ ಎಂದು ಕೇಳಿದರು. ಅವಳು ಅವನನ್ನು ನೋಡಿದಳು. ಅವನೂ ನೋಡಿದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳದ ಮಾತು ಈಗ ಆ ತುಟಿಗಳಿಂದ ಬರುತ್ತದೆಂದು ಉಸಿರು ಹಿಡಿದ. ಹಿಡಿದ ಉಸಿರೇ ಕೆಮ್ಮಾಗಿ ಹೊರಬಂತು.

"ಅಲ್ಲರಿ" ಎಂದಳು ಕಾಶೆವ್ವ. "ಬೀಬಿಜಾನಳ ಮಗ. ನಾ ಸಾಕೇನಿ, ಅಷ್ಟ."

ಕಾಸಿಮಪ್ಪನ ವಕೀಲರು ಎದ್ದು ನಿಂತರು. ಸಾಹೇಬರು ಅವರನ್ನು ಕೂರಿಸಿ ಅದೇ ಪ್ರಶ್ನೆಯನ್ನು ಮತ್ತೆ, ನಿಧಾನವಾಗಿ ಕೇಳಿದರು. ಈ ಸಲ ಅವಳು ಅವನ ಕಡೆ ನೋಡದೆ ಅದೇ ಉತ್ತರ ಕೊಟ್ಟಳು. ಶಿವಲಿಂಗಪ್ಪ ಕೂಡ ನೆಲ ನೋಡುತ್ತಿದ್ದ. ಅರ್ಜಿ ವಜಾ ಆಯಿತು.

ಹೊರಗೆ ಹುಣಸೆಮರದ ಕೆಳಗೆ ಕಾಶೆವ್ವ ಬುತ್ತಿ ಬಿಚ್ಚಿದಳು. ಬೀಬಿಜಾನ ಅವಳ ಜೊತೆ ಮಾತಾಡದೆ ಚಕ್ಕಡಿಯ ಕಡೆ ಹೋಗಿ ಕೂತಳು.

"ಉಣ್ಣು" ಎಂದಳು ಕಾಶೆವ್ವ, ರೊಟ್ಟಿ ಮುರಿದು ಅವನ ಕೈಗಿಡುತ್ತ. ಆ ದಿನ ಮೊದಲ ಸಲ ಅವಳ ಮುಖ ತಿಳಿಯಾಗಿತ್ತು.

"ಗದ್ದಿ ಹೋತು, ಚಿಗವ್ವಾ."

"ಹೋಗಲಿ."

"ಅಪ್ಪನ ಹೆಸರೂ ಹೋತು."

"ನೀ ಅದೀಯಲ್ಲ."

ಅವನಿಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಮಾಡುವುದಕ್ಕೆ ಅವಳಲ್ಲಿ ಏನೂ ಸಿಗಲಿಲ್ಲ. ರೊಟ್ಟಿ ಒಣಗಿತ್ತು. ಅವಳು ನೀರಿನ ತಂಬಿಗೆ ಮುಂದೆ ಸರಿಸಿ, ಅವನ ಎದೆಯ ಮೇಲೆ ಅಂಗೈ ಇಟ್ಟು ಕೆಮ್ಮಿಗಾಗಿ ಕಾದಳು. ಬರಲಿಲ್ಲ. "ಕಡಿಮಿ ಆತು ನೋಡು" ಎಂದಳು.

ಕೋರ್ಟಿನ ಕಟ್ಟೆಯ ಮೇಲಿಂದ ಜವಾನ ಪಟ್ಟೇವಾಲ ಸಹಿಗಾಗಿ ಕೂಗಿದ. ಕಾಸಿಂಸಾಬ ಗನಿಸಾಬ. ಮೂರು ಸಲ ಕೂಗಿದ. ಅವನು ರೊಟ್ಟಿಯನ್ನು ಬಟ್ಟೆಯ ಮೇಲಿಟ್ಟು ಎದ್ದ.

"ಸಹಿ ಮಾಡಿ ಬರ್ತೇನಿ. ಚಿಗವ್ವಾ, ಒಂದ ಮಾತು ಕೇಳೂದಿತ್ತು. ನಿನ್ನ ಮಣ್ಣು ಮಾಡೂ ದಿನಾನೂ ನನ್ನ ಬಳೆಗಾರರ ಸಾಲಿನ್ಯಾಗ ನಿಲ್ಲಿಸಿದ್ರ, ಅವಾಗಾದ್ರೂ ನಾ ನಿನಗ ಅವ್ವಾ ಅನ್ಲೇನು?" ಎನ್ನುತ್ತಲೇ ಅವನು ಕೋರ್ಟಿನ ಮೆಟ್ಟಿಲ ಕಡೆ ನಡೆದ. ಅವಳು ಅವನ ಬೆನ್ನನ್ನೇ ನೋಡುತ್ತ, ಕೆಮ್ಮು ಕೇಳಿಸುತ್ತದೇನೋ ಎಂದು ಕಿವಿಗೊಟ್ಟು ಕೂತಳು.